ಕಬಿಯಸ್ ಕುಳಿಯ ಮಂಜುಗಡ್ಡೆ: ಎಷ್ಟಿದೆ ಅನ್ನುವುದಕ್ಕಿಂತ ಹೇಗಿದೆ ಅನ್ನುವುದು ಮುಖ್ಯ

2009ರ ಅಕ್ಟೋಬರ್ 9, ಭಾರತೀಯ ಕಾಲಮಾನ ಸಂಜೆ 5 ಗಂಟೆ 1 ನಿಮಿಷ. ಇಂಧನ ಮುಗಿದು ಬರಿದಾಗಿದ್ದ ಸೆಂಟಾರ್ ಎಂಬ ರಾಕೆಟ್ ಹಂತವೊಂದು ಚಂದ್ರನ ದಕ್ಷಿಣ ಧ್ರುವದ ಹತ್ತಿರ ಕಬಿಯಸ್ ಕುಳಿಯ ತಳಕ್ಕೆ ಅಪ್ಪಳಿಸಿತು. ತೂಕ ಸುಮಾರು 2,300 ಕಿಲೋ, ವೇಗ ಸೆಕೆಂಡಿಗೆ 2.5 ಕಿಲೋಮೀಟರ್. ಅದರ ಬೆನ್ನಿಗೇ ನಾಲ್ಕು ನಿಮಿಷದ ಅಂತರದಲ್ಲಿ ನಾಸಾದ ಎಲ್‌ಕ್ರಾಸ್ ನೌಕೆ ಬರುತ್ತಿತ್ತು. ಎದ್ದ ದೂಳನ್ನು ತನ್ನ ಕ್ಯಾಮೆರಾ ಮತ್ತು ರೋಹಿತಮಾಪಕಗಳಿಂದ (ಬೆಳಕನ್ನು ಬಣ್ಣಬಣ್ಣದ ರೋಹಿತವಾಗಿ ಬಿಡಿಸಿ ಅಳೆಯುವ ಉಪಕರಣಗಳು) ನೋಡುತ್ತಾ, ನೋಡಿದ್ದನ್ನು ಭೂಮಿಗೆ ಕಳಿಸುತ್ತಾ ಬಂದು ಅದೂ ಅಲ್ಲೇ ಬಿದ್ದು ನಾಶವಾಯಿತು. ಇಡೀ ಪ್ರಯೋಗ ಆ ನಾಲ್ಕು ನಿಮಿಷದ್ದು.

ಹವ್ಯಾಸಿಗಳ ದೂರದರ್ಶಕಕ್ಕೂ ದೂಳಿನ ಮೋಡ ಕಾಣಬಹುದು ಎಂದು ಮೊದಲೇ ಸುದ್ದಿಯಾಗಿತ್ತು. ಜನ ಕಾದು ಕೂತರು, ಏನೂ ಕಾಣಲಿಲ್ಲ. ಬೆಟ್ಟ ಅಗೆದು ಇಲಿ ಹಿಡಿದಂತಾಯಿತು ಎಂಬ ಮಾತು ಅಂದೇ ಶುರುವಾಯಿತು. ಆದರೆ ನೌಕೆ ಕಳಿಸಿದ ರೋಹಿತಗಳನ್ನು ಐದು ವಾರ ಕೂತು ಬಿಡಿಸಿದ ತಂಡ ನವೆಂಬರ್ 13ರಂದು ನೀರು ಸಿಕ್ಕಿದೆ ಎಂದು ಪ್ರಕಟಿಸಿತು. ಮರುವರ್ಷ ವಿವರವಾದ ಲೆಕ್ಕವೂ ಬಂತು. ಎದ್ದ ಮೋಡದಲ್ಲಿ, ಉಪಕರಣಗಳ ಕಣ್ಣಿಗೆ ಬಿದ್ದಷ್ಟು ಜಾಗದಲ್ಲಿ, ಆವಿ ಮತ್ತು ಮಂಜುಗಡ್ಡೆ ಸೇರಿ 155 ಕಿಲೋ ನೀರು, ಹನ್ನೆರಡು ಕಿಲೋ ಹೆಚ್ಚುಕಡಿಮೆ. ಮಣ್ಣಿನ ತೂಕದಲ್ಲಿ ನೀರಿನ ಪಾಲು ಶೇ 5.6.

ಚಂದ್ರನಲ್ಲಿ ನೀರು ತೆಗೆಯುವ ಯೋಜನೆಗಳ ಕಾಗದಪತ್ರ ಯಾವುದನ್ನೇ ತೆರೆಯಿರಿ, ಈ 5.6 ಎದುರಾಗುತ್ತದೆ. ಶಾಶ್ವತ ನೆರಳಿನ ಮಣ್ಣನ್ನು ನಿಜಕ್ಕೂ ಎಬ್ಬಿಸಿ, ಅದರಲ್ಲಿ ಇಷ್ಟು ನೀರಿದೆ ಎಂದು ಅಳೆದದ್ದು ಈ ಒಂದೇ ಸಲ. ಹಾಗಾಗಿ ಕಬಿಯಸ್ ಪ್ರಕರಣವನ್ನು ಅಗೆಯುವವನ ಕಣ್ಣಿನಿಂದ ಪೂರ್ತಿ ಓದಬೇಕು ಅನ್ನಿಸುತ್ತದೆ. ನನ್ನ ತಕರಾರು ಒಂದೇ. ಆ ಅಂಕಿ ನೀರು ಎಷ್ಟಿದೆ ಎಂದು ಹೇಳುತ್ತದೆ. ಮಣ್ಣಿನ ಕಣಗಳ ನಡುವೆ ಮಂಜುಗಡ್ಡೆ ಯಾವ ರೂಪದಲ್ಲಿ ಕೂತಿದೆ ಎಂದು ಹೇಳುವುದಿಲ್ಲ. ನೀರು ತೆಗೆಯುವ ಯಂತ್ರವನ್ನು ನಿರ್ಧರಿಸುವುದು ಆ ರೂಪ.

ಅಲ್ಲಿಗೇ ಯಾಕೆ ಗುರಿಯಿಟ್ಟರು

ಚಂದ್ರನ ಅಕ್ಷ ಬರೀ ಒಂದೂವರೆ ಡಿಗ್ರಿ ವಾಲಿದೆ. ಧ್ರುವಗಳಲ್ಲಿ ಸೂರ್ಯ ದಿಗಂತ ಬಿಟ್ಟು ಮೇಲೇಳುವುದೇ ಇಲ್ಲ, ಅದರಿಂದ ಆಳವಾದ ಕುಳಿಗಳ ತಳಕ್ಕೆ ನೂರಾರು ಕೋಟಿ ವರ್ಷಗಳಿಂದ ಬಿಸಿಲು ತಾಗಿಲ್ಲ. ಇಂಥ ತಾವುಗಳಲ್ಲಿ ನೀರು ಹೆಪ್ಪುಗಟ್ಟಿ ಉಳಿದಿರಬಹುದು ಎಂದು ವಾಟ್ಸನ್, ಮರ್‍ರೆ ಮತ್ತು ಬ್ರೌನ್ 1961ರಲ್ಲೇ ಲೆಕ್ಕ ಹಾಕಿ ತೋರಿಸಿದ್ದರು. 1998ರಲ್ಲಿ ಲೂನಾರ್ ಪ್ರಾಸ್ಪೆಕ್ಟರ್ ನೌಕೆ ಧ್ರುವಗಳ ಮೇಲೆ ಹಾರಿ ಮಣ್ಣಿನಿಂದ ಹೊಮ್ಮುವ ನ್ಯೂಟ್ರಾನ್ ಎಣಿಸಿತು. ಹೈಡ್ರೋಜನ್ ಇದ್ದ ಕಡೆ ಮಧ್ಯಮ ವೇಗದ ನ್ಯೂಟ್ರಾನುಗಳು ಕಡಿಮೆಯಾಗುತ್ತವೆ. ಧ್ರುವಗಳಲ್ಲಿ ಹಾಗೇ ಆಯಿತು. ಆದರೆ ಎಣಿಕೆ ಹೇಳಿದ್ದು ಮೇಲ್ಮಣ್ಣಿನ ಸುಮಾರು ಒಂದು ಮೀಟರಿನೊಳಗೆ ಹೈಡ್ರೋಜನ್ ಇದೆ ಎಂದಷ್ಟೇ. ಅದು ನೀರೋ, ಸೂರ್ಯನಿಂದ ಹೊಮ್ಮುವ ಕಣಗಳ ಹರಿವಾದ ಸೌರಮಾರುತದಿಂದ ಬಂದು ಕಣಗಳಲ್ಲಿ ಹುದುಗಿದ ಬಿಡಿ ಹೈಡ್ರೋಜನ್ನೋ ಎಂದು ಅದಕ್ಕೆ ಗೊತ್ತಾಗುವುದಿಲ್ಲ. 1999ರ ಜುಲೈ 31ರಂದು ಆ ನೌಕೆಯನ್ನೇ ಶೂಮೇಕರ್ ಕುಳಿಗೆ ಬೀಳಿಸಿ ನೋಡಿದರು. ನೀರಿನ ಸುಳಿವು ಸಿಗಲಿಲ್ಲ.

2008ರಲ್ಲಿ ಚಂದ್ರಯಾನ-1 ಹೋಯಿತು. ಅದರಲ್ಲಿದ್ದ ಎಂ-ಕ್ಯೂಬ್ ಉಪಕರಣ ಚಂದ್ರನ ಮೇಲ್ಮೈಯಲ್ಲಿ ನೀರು ಮತ್ತು ಒಂದು ಆಮ್ಲಜನಕ, ಒಂದು ಹೈಡ್ರೋಜನ್ ಕೂಡಿದ ಹೈಡ್ರಾಕ್ಸಿಲ್‌ನ ಗುರುತನ್ನು ಹಿಡಿಯಿತು. 2009ರ ಸೆಪ್ಟೆಂಬರಿನಲ್ಲಿ ಅದು ಪ್ರಕಟವಾದಾಗ ಎಲ್‌ಕ್ರಾಸ್ ಆಗಲೇ ದಾರಿಯಲ್ಲಿತ್ತು. ಅದರ ಗುರಿ ಮೊದಲು ಪಕ್ಕದ ಕಬಿಯಸ್-ಎ ಕುಳಿ. ಹೈಡ್ರೋಜನ್ ಸಂಕೇತ ಕಬಿಯಸ್‌ನಲ್ಲೇ ಹೆಚ್ಚು ಬಲವಾಗಿದೆ ಎಂದು ಕಂಡಿದ್ದರಿಂದ ಡಿಕ್ಕಿಗೆ ಹನ್ನೊಂದು ದಿನ ಇರುವಾಗ ಗುರಿ ಬದಲಾಯಿಸಿದರು. ಸುಮಾರು ನೂರು ಕಿಲೋಮೀಟರ್ ಅಗಲದ ಹಳೆಯ ಕುಳಿ ಅದು. ಬಿದ್ದ ಜಾಗದ ಉಷ್ಣತೆ 40 ಕೆಲ್ವಿನ್ ಆಸುಪಾಸು, ಅಂದರೆ ಸೊನ್ನೆಗಿಂತ 230 ಡಿಗ್ರಿ ಸೆಲ್ಸಿಯಸ್‌ನಷ್ಟು ಕೆಳಗೆ.

ನಾಲ್ಕು ನಿಮಿಷದಲ್ಲಿ ಸಿಕ್ಕಿದ್ದು

ನೆರಳಿನ ಕುಳಿಯಲ್ಲಿ ಎದ್ದ ದೂಳು ಕಾಣಬೇಕಾದರೆ ಅದು ಬಿಸಿಲಿರುವ ಎತ್ತರಕ್ಕೆ ಏರಬೇಕು. ಕಬಿಯಸ್‌ನಲ್ಲಿ ಆ ಎತ್ತರ ಎಂಟುನೂರು ಮೀಟರಿಗಿಂತ ಸ್ವಲ್ಪ ಮೇಲೆ. ಸೆಂಟಾರ್ ಟೊಳ್ಳು ಡಬ್ಬಿಯಂಥ ವಸ್ತು. ಗಟ್ಟಿ ಗುಂಡು ಬಿದ್ದರೆ ಮಣ್ಣು ಓರೆಯಾಗಿ ಸುತ್ತ ಚಿಮ್ಮುತ್ತದೆ. ಟೊಳ್ಳು ವಸ್ತು ಬಿದ್ದಾಗ ಒಂದು ಪಾಲು ನೆಟ್ಟಗೆ ಮೇಲಕ್ಕೂ ಎದ್ದಿತು. ಮೇಲೆದ್ದ ಆ ಪಾಲನ್ನೇ ಹಿಂದೆ ಬಂದ ನೌಕೆ ತಲೆಯ ಮೇಲಿಂದ ನೋಡಿದ್ದು. ಬಿದ್ದ ಗುಂಡಿಯ ಅಗಲ ಇಪ್ಪತ್ತೈದರಿಂದ ಮೂವತ್ತು ಮೀಟರ್.

ಅವಗೆಂಪು ರೋಹಿತದಲ್ಲಿ ನೀರಿನ ಆವಿಯ ಮತ್ತು ಮಂಜುಗಡ್ಡೆಯ ಹೀರಿಕೆ ಪಟ್ಟಿಗಳು ಕಂಡವು. ನೇರಳಾತೀತದಲ್ಲಿ, ಬಿಸಿಲಿಗೆ ನೀರು ಒಡೆದು ಹುಟ್ಟುವ ಹೈಡ್ರಾಕ್ಸಿಲ್‌ನ ಹೊಳಪು ಕಂಡಿತು. ಎರಡು ಬೇರೆ ಬೇರೆ ದಾರಿಯಲ್ಲಿ ಒಂದೇ ಉತ್ತರ ಬಂದದ್ದರಿಂದ ನೀರಿದೆ ಎನ್ನುವುದರಲ್ಲಿ ಅನುಮಾನ ಉಳಿಯಲಿಲ್ಲ.

ನೀರಿನ ಜೊತೆ ಬಂದವರ ಪಟ್ಟಿ ಇನ್ನೂ ಕುತೂಹಲದ್ದು. ನೀರಿನ ಅಣು ನೂರಿದ್ದರೆ ಹೈಡ್ರೋಜನ್ ಸಲ್ಫೈಡ್ ಸುಮಾರು ಹದಿನೇಳು, ಅಮೋನಿಯಾ ಆರು, ಸಲ್ಫರ್ ಡೈಆಕ್ಸೈಡ್ ಮತ್ತು ಎಥಿಲೀನ್ ತಲಾ ಮೂರು, ಇಂಗಾಲದ ಡೈಆಕ್ಸೈಡ್ ಎರಡು, ಮೆಥನಾಲ್ ಒಂದೂವರೆ, ಮೀಥೇನ್ ಒಂದಕ್ಕಿಂತ ಕಡಿಮೆ. ಚಂದ್ರನನ್ನು ಸುತ್ತುತ್ತಿದ್ದ ಎಲ್‌ಆರ್‌ಒ ನೌಕೆಯ ನೇರಳಾತೀತ ಉಪಕರಣ ಇಂಗಾಲದ ಮೊನಾಕ್ಸೈಡ್, ಹೈಡ್ರೋಜನ್ ಮತ್ತು ಪಾದರಸವನ್ನೂ ಕಂಡಿತು. ಈ ನೀರನ್ನು ಕಾಯಿಸಿ ಹಿಡಿದ ಮಾತ್ರಕ್ಕೆ ಕುಡಿಯಲೂ ಆಗದು, ವಿದ್ಯುತ್ತಿನಿಂದ ಒಡೆಯುವ ಕೋಶಕ್ಕೆ ಬಿಡಲೂ ಆಗದು. ಗಂಧಕದ ಸಂಯುಕ್ತಗಳು ಅಲ್ಲಿನ ವೇಗವರ್ಧಕಗಳನ್ನು ಕೆಡಿಸುತ್ತವೆ, ಪಾದರಸ ಅಲ್ಯೂಮಿನಿಯಂ ಭಾಗಗಳನ್ನು ತಿನ್ನುತ್ತದೆ. ಶುದ್ಧೀಕರಣವೇ ದೊಡ್ಡ ಕೆಲಸ. ಅದನ್ನು ಇನ್ನೊಮ್ಮೆ ಬರೆಯಬೇಕು.

5.6ರ ಅಕ್ಕಪಕ್ಕ

ಆ ಅಂಕಿಯ ಪಕ್ಕ ಇನ್ನೊಂದು ಅಂಕಿ ಇದೆ: ಹೆಚ್ಚುಕಡಿಮೆ 2.9. ಸಾಮಾನ್ಯವಾಗಿ ಇದನ್ನು ಬಿಟ್ಟೇ ಬರೆಯುತ್ತಾರೆ. ನೀರಿನ ತೂಕವನ್ನು ರೋಹಿತದಿಂದ ಚೆನ್ನಾಗಿಯೇ ಅಳೆದರು. ಆದರೆ ಶೇಕಡಾವಾರು ಬೇಕೆಂದರೆ ಅದನ್ನು ಮೋಡದಲ್ಲಿದ್ದ ದೂಳಿನ ತೂಕದಿಂದ ಭಾಗಿಸಬೇಕು. ದೂಳಿನ ತೂಕ ಅದು ಚದುರಿಸಿದ ಬೆಳಕಿನಿಂದ ಅಂದಾಜು ಮಾಡಿದ್ದು. ಕಣದ ಗಾತ್ರ ಎಷ್ಟೆಂದು ಇಟ್ಟುಕೊಂಡರೆ ಎಷ್ಟು ತೂಕ ಎಂಬ ಲೆಕ್ಕ. ಅನಿಶ್ಚಿತತೆ ಬಹುಪಾಲು ಬರುವುದು ಅಲ್ಲಿಂದ. ಹಾಗಾಗಿ ನಿಜವಾದ ಉತ್ತರ ಶೇ 2.7ರಿಂದ ಶೇ 8.5ರವರೆಗೆ ಎಲ್ಲಿಯಾದರೂ ಇರಬಹುದು.

ಲೆಕ್ಕಪತ್ರದಲ್ಲಿ ಇದು ಮೂರುಪಟ್ಟು ಅಂತರ. ಗುದ್ದಲಿ ಹಿಡಿದವನಿಗೆ ಇದು ಎರಡು ಬೇರೆ ಲೋಕ. ಚಂದ್ರನ ಮಣ್ಣನ್ನು ಹೋಲುವ ಕೃತಕ ಮಣ್ಣಿಗೆ ನೀರು ಬೆರೆಸಿ, ಅದುಮಿ, ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿಸಿ ಪರೀಕ್ಷಿಸಿದ ಪ್ರಯೋಗಗಳು ಇಪ್ಪತ್ತು ವರ್ಷದಷ್ಟು ಹಳೆಯವು. ನೀರಿನ ಪಾಲು ಶೇ 1ರ ಸುತ್ತಮುತ್ತ ಇದ್ದಾಗ ಮಾದರಿ ಮೆತ್ತನೆಯ ಜೇಡಿಗಲ್ಲಿನಂತೆ ಒಡೆಯಿತು. ಶೇ 8ನ್ನು ದಾಟಿದಾಗ ಸಾಧಾರಣ ಗಟ್ಟಿಯ ಮರಳುಗಲ್ಲಿನಂತಾಯಿತು. ಶೇ 10ಕ್ಕಿಂತ ಹೆಚ್ಚಾದಾಗ ಬಲವಾದ ಕಾಂಕ್ರೀಟಿಗೆ ಸಮ. ಅಂದರೆ ಕಬಿಯಸ್ ಅಳತೆಯ ಕೆಳತುದಿ ನಿಜವಾದರೆ ಸಣ್ಣ ರೋವರಿನ ತೋಡುಚಕ್ರ ಸಾಕಾದೀತು. ಮೇಲ್ತುದಿ ನಿಜವಾದರೆ ಬಡಿದು ಕೊರೆಯುವ ಡ್ರಿಲ್ಲೇ ಬೇಕು. ಚಂದ್ರನ ಗುರುತ್ವ ಭೂಮಿಯ ಆರನೇ ಒಂದು ಭಾಗ. ಹಗುರವಾದ ಯಂತ್ರ ನೆಲವನ್ನು ಒತ್ತಲು ಹೋದರೆ ತಾನೇ ಮೇಲೆದ್ದು ನಿಲ್ಲುತ್ತದೆ.

ಇಷ್ಟೂ ಹೇಳಿದ್ದು ನೀರು ಬೆರೆಸಿ ಹೆಪ್ಪುಗಟ್ಟಿಸಿದ ಮಣ್ಣಿನ ಮಾತು. ಚಂದ್ರನಲ್ಲಿ ಮಣ್ಣಿಗೆ ನೀರು ಬೆರೆತದ್ದು ಯಾವಾಗ? ನಿರ್ವಾತದಲ್ಲಿ ದ್ರವ ನೀರು ನಿಲ್ಲುವುದಿಲ್ಲ. 611 ಪಾಸ್ಕಲ್‌ಗಿಂತ ಕಡಿಮೆ ಒತ್ತಡದಲ್ಲಿ ಮಂಜುಗಡ್ಡೆ ಕರಗದೆ ನೇರವಾಗಿ ಆವಿಯಾಗುತ್ತದೆ. ಪ್ರಯೋಗಾಲಯದ ಆ ಕೆಸರು ಚಂದ್ರನ ಮೇಲ್ಮೈಯಲ್ಲಿ ಸಹಜವಾಗಿ ಹುಟ್ಟುವ ವಸ್ತುವಲ್ಲ. ಪ್ರಕರಣದ ಗಂಟು ಇರುವುದು ಇಲ್ಲೇ.

ಕಣದ ಮಟ್ಟದಲ್ಲಿ

ಚಂದ್ರನ ಮಣ್ಣಿನ ಕಣ ನಮ್ಮ ಹೊಳೆಮರಳಿನಂತೆ ಉರುಟಾದುದಲ್ಲ. ಉಲ್ಕೆ ಬಡಿತಕ್ಕೆ ಪುಡಿಯಾದ ಬಂಡೆ, ಕರಗಿ ಅಂಟಿಕೊಂಡ ಗಾಜಿನ ಚೂರು, ಎಲ್ಲಕ್ಕೂ ಚೂಪು ಅಂಚು. ಬಹುಪಾಲು ಕಣ ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತ ಸಣ್ಣವು. ಅವು ಒಂದಕ್ಕೊಂದು ಮೊನೆಗಳಲ್ಲಿ ಮಾತ್ರ ತಾಗಿಕೊಂಡಿವೆ. ಮೇಲಿನ ಹದಿನೈದು ಸೆಂಟಿಮೀಟರಿನಲ್ಲಿ ಅರ್ಧಭಾಗ ಬರೀ ಖಾಲಿ ಜಾಗ.

ಈ ಖಾಲಿ ಜಾಗಕ್ಕೆ ನೀರು ಬರುವುದು ಆವಿಯಾಗಿ. ಧೂಮಕೇತು ಬಿದ್ದಾಗಲೋ, ಹಳೆಯ ಜ್ವಾಲಾಮುಖಿಗಳು ಉಸಿರಾಡಿದಾಗಲೋ, ಸೌರಮಾರುತದ ಹೈಡ್ರೋಜನ್ ಮಣ್ಣಿನ ಆಮ್ಲಜನಕದೊಡನೆ ಕೂಡಿದಾಗಲೋ ಹುಟ್ಟಿದ ಅಣು ಜಿಗಿಯುತ್ತ ಜಿಗಿಯುತ್ತ ಬಂದು ತಣ್ಣಗಿನ ಕಣಕ್ಕೆ ಅಂಟುತ್ತದೆ. 40 ಕೆಲ್ವಿನ್‌ನಲ್ಲಿ ಅಂಟಿದ ಅಣು ಅಂಟಿದಲ್ಲೇ. ಸ್ಫಟಿಕದ ಸಾಲಿನಲ್ಲಿ ಕೂರಲು ಬೇಕಾದಷ್ಟು ಸರಿದಾಡುವ ಚೈತನ್ಯವೂ ಅದಕ್ಕಿಲ್ಲ. ಹೀಗೆ ಬೆಳೆಯುವುದು ಆಕಾರವಿಲ್ಲದ, ಸ್ಪಂಜಿನಂತೆ ರಂಧ್ರ ತುಂಬಿದ ಮಂಜುಗಡ್ಡೆ. ಬಂದ ಇತರ ಅನಿಲಗಳು ಆ ರಂಧ್ರಗಳಲ್ಲಿ ಸಿಕ್ಕಿಬೀಳುತ್ತವೆ.

ಹಾಗಾದರೆ ಕಬಿಯಸ್‌ನ ಮಂಜುಗಡ್ಡೆ ಕಣಗಳ ಮೇಲಿನ ತೆಳು ಲೇಪವೇ? ಕಣಗಳು ತಾಗುವ ಮೊನೆಗಳಲ್ಲಿ ಸೇರಿ ಗಾರೆಯಂತೆ ಬೆಸೆದಿದೆಯೇ? ಉಲ್ಕೆಗಳು ಮಣ್ಣನ್ನು ಕಲಕಿ ಕಲಕಿ, ಮಂಜುಗಡ್ಡೆಯೂ ಬಿಡಿ ಕಣಗಳಾಗಿ ಮಣ್ಣಿನೊಳಗೆ ಅವರೆಕಾಳು ಬೆರೆಸಿದ ಹಾಗೆ ಇದೆಯೇ? ಅಥವಾ ಎಲ್ಲೋ ಒಂದು ಶುದ್ಧ ಗಟ್ಟಿಯಿದ್ದು ಸುತ್ತ ಎಲ್ಲ ಒಣಮಣ್ಣೇ? ನಾಲ್ಕಕ್ಕೂ ಸರಾಸರಿ ಶೇ 5.6 ಬರಬಹುದು. ಮೊನೆಗಳಲ್ಲಿ ಬೆಸೆದಿದ್ದರೆ ಬಂಡೆ. ಬಿಡಿ ಕಣಗಳಾಗಿದ್ದರೆ ಹೆಚ್ಚುಕಡಿಮೆ ಒಣಮಣ್ಣಿನಷ್ಟೇ ಸಡಿಲ. ಶೇಕಡಾವಾರು ಒಂದೇ ಇಟ್ಟು ರೂಪ ಮಾತ್ರ ಬದಲಿಸಿದರೆ ಗಟ್ಟಿತನ ಇಷ್ಟು ಏರಿಳಿಯುತ್ತದೆ ಎನ್ನುವುದು ಪ್ರಯೋಗಾಲಯಗಳಲ್ಲಿ ನಿಜಕ್ಕೂ ಕಾಣುವ ಸಂಗತಿ.

ಆ ಮಾದರಿಗಳನ್ನು ಮಾಡುವ ಕೆಲಸವನ್ನು ಹತ್ತಿರದಿಂದ ನೋಡಿದರೆ ಕಷ್ಟ ಅರ್ಥವಾಗುತ್ತದೆ. ಕೆಸರು ಮಾಡಿ ಹೆಪ್ಪುಗಟ್ಟಿಸುವುದು ಸುಲಭ. ಕೃತಕ ಮಣ್ಣನ್ನು ಒಲೆಯಲ್ಲಿ ಒಣಗಿಸಿ, ತೂಗಿ, ತೂಕಕ್ಕೆ ತಕ್ಕ ನೀರು ಕಲಸಿ, ಅಚ್ಚಿಗೆ ತುಂಬಿ ದ್ರವ ಸಾರಜನಕಕ್ಕೆ ಇಳಿಸಿದರೆ ಮುಗಿಯಿತು. ಬಿಡಿ ಕಣಗಳ ಮಾದರಿ ಬೇಕೆಂದರೆ ಮೊದಲು ನೀರನ್ನು ಸಣ್ಣ ತುಂತುರಾಗಿ ದ್ರವ ಸಾರಜನಕದ ಮೇಲೆ ಹಾಯಿಸಬೇಕು. ಹನಿಗಳು ಬಿಳಿ ಪುಡಿಯಾಗಿ ತಳಕ್ಕೆ ಇಳಿಯುತ್ತವೆ. ಜರಡಿ, ಚಮಚ, ಬೋಗುಣಿ, ಮಣ್ಣು ಎಲ್ಲವನ್ನೂ ಮೊದಲೇ ಅಷ್ಟೇ ತಣ್ಣಗೆ ಮಾಡಿಟ್ಟಿರಬೇಕು. ಜರಡಿ ಸ್ವಲ್ಪ ಬೆಚ್ಚಗಿದ್ದರೂ ಪುಡಿ ಅಂಟಿ ಮುದ್ದೆಯಾಗುತ್ತದೆ. ಮುಚ್ಚಳ ತೆರೆದು ಬೆರೆಸುವ ಆ ಒಂದು ನಿಮಿಷದಲ್ಲಿ ಕೋಣೆಯ ಗಾಳಿಯಲ್ಲಿರುವ ತೇವ ತಣ್ಣಗಿನ ಮಣ್ಣಿನ ಮೇಲೆ ಇಬ್ಬನಿಯಂತೆ ಕೂರುತ್ತದೆ. ಶೇ 5 ಎಂದು ತೂಗಿ ಹಾಕಿದ ಮಾದರಿಯಲ್ಲಿ ಕೊನೆಗೆ ಎಷ್ಟಿದೆ ಎಂದು ಮತ್ತೆ ಒಣಗಿಸಿ ತೂಗದೆ ಹೇಳಲಾಗದು. ಹಾಗೆ ಕೂತ ಇಬ್ಬನಿ ಸರಿಯಾಗಿ ಕಣಗಳ ಮೊನೆಗಳಲ್ಲೇ ಸೇರಿ, ಸಡಿಲವಾಗಿರಬೇಕಾದ ಮಾದರಿಯನ್ನು ಬೆಸೆದುಬಿಡುತ್ತದೆ. ಒಣ ಸಾರಜನಕ ತುಂಬಿದ ಕೈಗವಸು ಪೆಟ್ಟಿಗೆಯೊಳಗೆ ಕೆಲಸ ಮಾಡುವುದು ಇದೇ ಕಾರಣಕ್ಕೆ.

ಮೂರನೆಯದು, ಚಂದ್ರನಿಗೆ ಅತಿ ಹತ್ತಿರದ್ದು: ನಿರ್ವಾತ ಕೊಠಡಿಯಲ್ಲಿ ತಣ್ಣಗಿನ ಮಣ್ಣಿನ ಮೇಲೆ ಆವಿಯನ್ನು ನಿಧಾನಕ್ಕೆ ಬಿಟ್ಟು ಲೇಪ ಬೆಳೆಸುವುದು. ಆವಿ ಮೇಲಿನ ಪದರದಲ್ಲೇ ಹಿಡಿದುಕೊಂಡು ಒಳಕ್ಕೆ ಇಳಿಯುವುದಿಲ್ಲ. ಆದ್ದರಿಂದ ಮಣ್ಣನ್ನು ಅಲುಗಿಸುತ್ತಲೇ ಇರಬೇಕು, ಇಲ್ಲವೇ ಪದರ ಪದರವಾಗಿ ಉದುರಿಸುತ್ತಾ ಹೋಗಬೇಕು. ಹೀಗೆ ಒಂದು ಬೊಗಸೆ ಮಾದರಿ ಮಾಡುವುದೂ ದಿನಗಟ್ಟಲೆ ಕೆಲಸ. ಡ್ರಿಲ್ ಪರೀಕ್ಷೆಗೆ ಬೇಕಾಗುವುದು ಬಕೆಟ್‌ಗಟ್ಟಲೆ. ಆದ್ದರಿಂದ ದೊಡ್ಡ ಪರೀಕ್ಷೆಗಳಲ್ಲಿ ಹೆಚ್ಚಿನವು ಸುಲಭವಾದ ಕೆಸರಿನ ಮೇಲೆ ನಡೆದಿವೆ. ನಮ್ಮ ಯಂತ್ರಗಳನ್ನು ಚಂದ್ರನಲ್ಲಿ ಇರಲಾರದ ಮಣ್ಣಿಗೆ ಹದ ಮಾಡುತ್ತಿದ್ದೇವೆಯೇ ಎಂಬ ಆತಂಕ ನನಗೆ ನಿಜಕ್ಕೂ ಇದೆ. ಕೃತಕ ಮಣ್ಣಿನ ಮಟ್ಟಿಗೆ ನಾವು ಬಡವರಲ್ಲ. ಇಸ್ರೊ ತಮಿಳುನಾಡಿನ ಸಿತ್ತಂಪೂಂಡಿಯ ಅನಾರ್ಥೊಸೈಟ್ ಬಂಡೆಯನ್ನು ಅರೆದು ಚಂದ್ರನ ಎತ್ತರದ ಪ್ರದೇಶಗಳ ಮಣ್ಣಿಗೆ ಹತ್ತಿರದ ಪುಡಿಯನ್ನು ಟನ್‌ಗಟ್ಟಲೆ ಮಾಡಿಕೊಂಡಿದೆ. ಕೊರತೆ ಇರುವುದು ಅದರೊಳಗೆ ಮಂಜುಗಡ್ಡೆಯನ್ನು ಸರಿಯಾಗಿ ಕೂರಿಸುವುದರಲ್ಲಿ.

ಶಾಖ ಕೊಟ್ಟಾಗ

ಅಗೆಯುವುದೇ ಬೇಡ, ನೆಲವನ್ನೇ ಕಾಯಿಸಿ ಆವಿ ಹಿಡಿಯೋಣ ಎಂಬ ಯೋಚನೆ ಚಾಲ್ತಿಯಲ್ಲಿದೆ: ಕುಳಿಯ ಅಂಚಿನಿಂದ ಕನ್ನಡಿಗಳ ಮೂಲಕ ಬಿಸಿಲು ಬಿಟ್ಟು, ಮೇಲೊಂದು ಗುಡಾರ ಹೊದಿಸಿ, ಎದ್ದ ಆವಿಯನ್ನು ತಣ್ಣಗಿನ ತಟ್ಟೆಗಳ ಮೇಲೆ ಹೆಪ್ಪುಗಟ್ಟಿಸುವುದು. ಕಬಿಯಸ್‌ನಂಥ ಮಣ್ಣಿಗೆ ಇದು ಹೊಂದುತ್ತದೆಯೇ?

ಮಂಜುಗಡ್ಡೆಯ ಆವಿಯ ಒತ್ತಡದಿಂದ ನಾನೇ ಹಾಕಿದ ಸ್ಥೂಲ ಲೆಕ್ಕ ಇದು. ನಿರ್ವಾತಕ್ಕೆ ತೆರೆದಿಟ್ಟ ಶುದ್ಧ ಮಂಜುಗಡ್ಡೆ 100 ಕೆಲ್ವಿನ್‌ನಲ್ಲಿ ನೂರು ಕೋಟಿ ವರ್ಷಕ್ಕೆ ಒಂದು ಮಿಲಿಮೀಟರಿಗಿಂತ ಕಡಿಮೆ ಸವೆಯುತ್ತದೆ. 150 ಕೆಲ್ವಿನ್‌ಗೆ ಬಂದರೆ ವರ್ಷಕ್ಕೆ ಮಿಲಿಮೀಟರಿನ ಮೂರನೇ ಒಂದು ಭಾಗ. 200ಕ್ಕೆ ಬಂದರೆ ಗಂಟೆಗೆ ಮುಕ್ಕಾಲು ಮಿಲಿಮೀಟರ್. ಬರೀ ನೂರು ಡಿಗ್ರಿ ಏರಿಕೆಯಲ್ಲಿ ಶಿಲೆಯಂತಿದ್ದದ್ದು ಕರ್ಪೂರದಂತಾಗುತ್ತದೆ. ಇದು ಕೇಳಲು ಅನುಕೂಲವೇ. ಶಾಖವನ್ನು ಒಳಗೆ ಮುಟ್ಟಿಸುವುದು ಕಷ್ಟದ ಭಾಗ.

ಇದಕ್ಕೆ ನಮ್ಮ ಕೈಯಲ್ಲೇ ಸಾಕ್ಷಿಯಿದೆ. 2023ರ ಆಗಸ್ಟ್ 23ರಂದು ಇಳಿದ ಚಂದ್ರಯಾನ-3ರ ಚಸ್ಟೆ ಉಪಕರಣ ಹತ್ತು ಸಂವೇದಕಗಳಿದ್ದ ಸಲಾಕೆಯನ್ನು ಮಣ್ಣಿಗೆ ತೂರಿಸಿತು. ಇಸ್ರೊ ಕೆಲವೇ ದಿನಗಳಲ್ಲಿ ಬಿಟ್ಟ ಮೊದಲ ನಕ್ಷೆಯಲ್ಲಿ ಮೇಲೆ ಸುಮಾರು 50 ಡಿಗ್ರಿ ಸೆಲ್ಸಿಯಸ್, ಎಂಟು ಸೆಂಟಿಮೀಟರ್ ಕೆಳಗೆ ಸೊನ್ನೆಗಿಂತ 10 ಡಿಗ್ರಿ ಕಡಿಮೆ. ಅಂಗೈ ಅಗಲದಷ್ಟು ಮಣ್ಣು 60 ಡಿಗ್ರಿಯನ್ನು ತಡೆದು ನಿಂತಿದೆ. ಅಲ್ಲಿ ಅಳೆದ ಉಷ್ಣವಾಹಕತೆ ಮೀಟರಿಗೆ, ಕೆಲ್ವಿನ್‌ಗೆ 0.012 ವಾಟ್‌ನಷ್ಟು. ಗಟ್ಟಿ ಸ್ಫಟಿಕ ಮಂಜುಗಡ್ಡೆಯದು 100 ಕೆಲ್ವಿನ್‌ನಲ್ಲಿ ಐದಕ್ಕೂ ಹೆಚ್ಚು. ನಾನೂರು ಪಟ್ಟಿಗೂ ಮಿಕ್ಕ ವ್ಯತ್ಯಾಸ.

ಈಗ ಗುಡಾರದೊಳಗೆ ಏನಾಗುತ್ತದೆ ನೋಡಿ. ಮೇಲಿನ ಒಂದೆರಡು ಸೆಂಟಿಮೀಟರಿನ ಮಂಜುಗಡ್ಡೆ ಬೇಗ ಆವಿಯಾಗಿ ಸಿಕ್ಕಿಬಿಡುತ್ತದೆ. ಹಿಂದೆ ಉಳಿಯುವುದು ಒಣಮಣ್ಣಿನ ಪದರ. ಅದು ಕಂಬಳಿಯಂತೆ ಕೆಳಗಿನ ಮಂಜುಗಡ್ಡೆಯನ್ನು ಬಿಸಿಲಿನಿಂದ ಕಾಪಾಡತೊಡಗುತ್ತದೆ. ಕೆಳಗೆ ಹುಟ್ಟಿದ ಆವಿಗೂ ಆ ಪದರದ ಸಂದುಗಳಲ್ಲಿ ನುಸುಳಿ ಬರಬೇಕಾದ ಕಷ್ಟ. ಆವಿಗೆ ಮೇಲಕ್ಕೇ ಹೋಗಬೇಕೆಂಬ ನೇಮವಿಲ್ಲ. ಒಂದು ಪಾಲು ಇನ್ನೂ ಕೆಳಗಿನ, ಇನ್ನೂ ತಣ್ಣಗಿನ ಮಣ್ಣಿಗೆ ಇಳಿದು ಅಲ್ಲಿ ಮತ್ತೆ ಹೆಪ್ಪುಗಟ್ಟುತ್ತದೆ. ಈ ಸಲ ಅದು ಸಂದುಗಳನ್ನು ತುಂಬಿ ಮಣ್ಣನ್ನು ಬೆಸೆಯುವ ಸಾಧ್ಯತೆ ಹೆಚ್ಚು. ಸಡಿಲವಾಗಿದ್ದ ನೆಲವನ್ನು ನಾವೇ ಗಟ್ಟಿ ಮಾಡಿದಂತಾಗುತ್ತದೆ. ಆಕಾರವಿಲ್ಲದ ಮಂಜುಗಡ್ಡೆಯಾದರೆ 140-150 ಕೆಲ್ವಿನ್ ದಾಟುವಾಗ ಸ್ಫಟಿಕವಾಗುತ್ತದೆ, ಆಗ ಒಳಗೆ ಸಿಕ್ಕಿದ್ದ ಅನಿಲ ಒಮ್ಮೆಲೇ ಹೊರಬರುತ್ತದೆ. ತಟ್ಟೆಯ ಮೇಲೆ ನೀರಿಗಿಂತ ಮೊದಲು ಬಂದು ಕೂರುವುದು ಗಂಧಕ, ಅಮೋನಿಯಾ.

ಮಣ್ಣನ್ನು ತೆಗೆದು ಮುಚ್ಚಿದ ಒಲೆಯಲ್ಲಿ ಕಾಯಿಸಿದರೆ? ಶೇ 5.6ರ ಲೆಕ್ಕದಲ್ಲಿ ಒಂದು ಕಿಲೋ ನೀರಿಗೆ ಹದಿನೆಂಟು ಕಿಲೋ ಮಣ್ಣು, ಶೇ 2.7 ಆದರೆ ಮೂವತ್ತೇಳು, ಶೇ 8.5 ಆದರೆ ಹನ್ನೆರಡು. ಅಷ್ಟು ಮಣ್ಣನ್ನು 40ರಿಂದ 220 ಕೆಲ್ವಿನ್‌ಗೆ ತರಲು ನಷ್ಟಗಳನ್ನು ಬಿಟ್ಟು ಸುಮಾರು ನಾಲ್ಕರಿಂದ ಐದೂವರೆ ಮೆಗಾಜೂಲ್ ಬೇಕು. ಅದರಲ್ಲಿ 2.8 ಮೆಗಾಜೂಲ್ ಮಂಜುಗಡ್ಡೆಯನ್ನು ಆವಿ ಮಾಡಲಿಕ್ಕೇ ಹೋಗುತ್ತದೆ, ಅದರಿಂದ ತಪ್ಪಿಸಿಕೊಳ್ಳುವ ದಾರಿಯಿಲ್ಲ. ಆ ನೀರನ್ನು ಒಡೆದು ರಾಕೆಟ್ ಇಂಧನ ಮಾಡಲು ಕಿಲೋಗೆ ಇನ್ನೂ ಹದಿನಾರು ಮೆಗಾಜೂಲ್ ಬೇಕು ಎನ್ನುವುದನ್ನು ನೆನಪಿಟ್ಟರೆ, ಕಾಯಿಸುವ ಖರ್ಚು ದೊಡ್ಡದೇನಲ್ಲ. ಒಲೆಯ ದಾರಿ ನನಗೆ ಹೆಚ್ಚು ನಂಬಿಕೆಯದಾಗಿ ಕಾಣುವುದು ಇದಕ್ಕೇ. ಆದರೆ ಅದಕ್ಕೆ ಮಣ್ಣನ್ನು ಎತ್ತಬೇಕು. ಎತ್ತಲು ಮಣ್ಣು ಸಡಿಲವೋ ಬಂಡೆಯೋ ಎಂದು ಗೊತ್ತಿರಬೇಕು.

ರೂಪದ ಸುಳಿವು ಎಲ್ಲಾದರೂ ಉಳಿದಿದೆಯೇ

ಸೆಂಟಾರ್ ಬಿದ್ದ ಕ್ಷಣದಲ್ಲೇ ಮಣ್ಣಿನ ಸ್ಥಿತಿ ಹಾಳಾಯಿತು. ಬಿದ್ದ ಜಾಗ ನೂರಾರು ಡಿಗ್ರಿಗೆ ಕಾದಿತು. ಎಲ್‌ಆರ್‌ಒ ಒಂದೂವರೆ ನಿಮಿಷದ ನಂತರ ಮೇಲೆ ಹಾರಿದಾಗಲೂ ಆ ಬಿಸಿ ಕಂಡಿತು. ಆದರೂ ಎರಡು ಸುಳಿವು ಇವೆ.

ಒಂದು, ಡಿಕ್ಕಿಯ ಮಿಂಚು ನಿರೀಕ್ಷೆಗಿಂತ ಮಂಕಾಗಿತ್ತು. ಗಟ್ಟಿ ನೆಲಕ್ಕೆ ಬಡಿದಿದ್ದರೆ ಹೊಳಪು ಹೆಚ್ಚಿರಬೇಕಿತ್ತು. ಮೇಲ್ಮಣ್ಣು ಸಡಿಲ, ರಂಧ್ರಮಯ ಎಂದು ಓದಲು ಇದು ಎಡೆಕೊಡುತ್ತದೆ.

ಎರಡನೆಯದು ನನಗೆ ಹೆಚ್ಚು ಮುಖ್ಯ. ಪಟ್ಟಿಯಲ್ಲಿ ಮೀಥೇನ್ ಮತ್ತು ಇಂಗಾಲದ ಮೊನಾಕ್ಸೈಡ್ ಇದ್ದವಲ್ಲ, ಅವು ತಾವೇ ಹೆಪ್ಪುಗಟ್ಟಿ ಯುಗಯುಗ ಉಳಿಯಬೇಕಾದರೆ 25 ಕೆಲ್ವಿನ್‌ಗಿಂತ ಕಡಿಮೆ ಉಷ್ಣತೆ ಬೇಕು. ಕಬಿಯಸ್‌ನದು 40. ಹಾಗಿದ್ದರೂ ಅವು ಬಂದವು ಎಂದರೆ, ಡಿಕ್ಕಿಯ ಬಿಸಿಯಲ್ಲಿ ಆಗಷ್ಟೇ ಹುಟ್ಟಿರಬೇಕು, ಇಲ್ಲವೇ ಕಣಗಳ ಮೇಲ್ಮೈಗೆ ಅಂಟಿಕೊಂಡಿರಬೇಕು, ಇಲ್ಲವೇ ನೀರಿನ ಮಂಜುಗಡ್ಡೆಯ ರಂಧ್ರಗಳಲ್ಲಿ ಸಿಕ್ಕಿಬಿದ್ದಿರಬೇಕು. ಕೊನೆಯದು ನಿಜವಾದರೆ ಆ ಮಂಜುಗಡ್ಡೆ ಎಂದೂ ಬೆಚ್ಚಗಾಗದ, ಆಕಾರವಿಲ್ಲದ ಜಾತಿಯದು. ಇದರ ವಿರುದ್ಧವೂ ಮಾತಿದೆ: ಚಂದ್ರನ ಅಕ್ಷ ಹಿಂದೆ ಈಗಿರುವ ಕಡೆ ಇರಲಿಲ್ಲ ಎಂಬ ವಾದ ಬಲವಾಗಿದೆ. ಹಾಗಿದ್ದರೆ ಇಂದಿನ ಕೆಲವು ನೆರಳುಗಳು ಹಿಂದೆ ಬಿಸಿಲು ಕಂಡಿದ್ದವು. ಅಲ್ಲಿ ಮಂಜುಗಡ್ಡೆ ಸರಿದಾಡಿ, ಬೆಸೆದು, ಗಟ್ಟಿಯಾಗಿರಲು ಅವಕಾಶವಿತ್ತು.

ಒಂದು ಕುಳಿಯ ಉತ್ತರವನ್ನು ಇನ್ನೊಂದಕ್ಕೆ ಹಾಕಲೂ ಬರುವುದಿಲ್ಲ. 2018ರಲ್ಲಿ ಎಂ-ಕ್ಯೂಬ್ ದತ್ತಾಂಶವನ್ನು ಮತ್ತೆ ಜಾಲಾಡಿದಾಗ ಮೇಲ್ಮೈಯಲ್ಲೇ ತೆರೆದ ಮಂಜುಗಡ್ಡೆ ಕಂಡದ್ದು ತಣ್ಣಗಿನ ತಾವುಗಳಲ್ಲಿ ಶೇ 3.5ರಷ್ಟರಲ್ಲಿ ಮಾತ್ರ. ಉಳಿದವು ಅಷ್ಟೇ ತಣ್ಣಗಿದ್ದೂ ಬರಿದು.

ಮುಂದಿನ ಡ್ರಿಲ್‌ಗೆ

2025ರ ಮಾರ್ಚ್ 6ರಂದು ಅಮೆರಿಕದ ಖಾಸಗಿ ನೌಕೆ ಅಥೀನಾ ದಕ್ಷಿಣ ಧ್ರುವದ ಬಳಿ ಇಳಿದು ಪಕ್ಕಕ್ಕೆ ಉರುಳಿತು. ಅದರಲ್ಲಿದ್ದ ಟ್ರೈಡೆಂಟ್ ಡ್ರಿಲ್ ಆಡಿ ತೋರಿಸಿತು, ಮಣ್ಣನ್ನು ಮುಟ್ಟಲಿಲ್ಲ. ಅದೇ ಮಾದರಿಯ ಡ್ರಿಲ್ ಹೊತ್ತ ವೈಪರ್ ರೋವರನ್ನು ನಾಸಾ 2024ರಲ್ಲಿ ಕೈಬಿಟ್ಟು, 2025ರಲ್ಲಿ ಮತ್ತೆ ಕೈಗೆತ್ತಿಕೊಂಡಿತು. ಇಸ್ರೊ ಮತ್ತು ಜಪಾನಿನ ಜಾಕ್ಸಾ ಕೂಡಿ ಮಾಡುತ್ತಿರುವ ಚಂದ್ರಯಾನ-5ಕ್ಕೆ 2025ರ ಮಾರ್ಚಿನಲ್ಲಿ ಒಪ್ಪಿಗೆ ಸಿಕ್ಕಿದೆ. ಅದರ ರೋವರು ಒಂದೂವರೆ ಮೀಟರ್ ಆಳಕ್ಕೆ ಕೊರೆಯುವ ಉದ್ದೇಶದ್ದು.

ಇವುಗಳಿಂದ ಎಲ್ಲರೂ ಕಾಯುವುದು ನೀರಿನ ಶೇಕಡಾವಾರಿಗೆ. ನನ್ನ ಕೋರಿಕೆ ಬೇರೆ. ಹತ್ತು ಸೆಂಟಿಮೀಟರ್ ಕೊರೆದಾಗ ಮೋಟಾರು ಎಳೆದ ವಿದ್ಯುತ್ತು ಎಷ್ಟು, ಬಡಿತ ಎಷ್ಟು ಬೇಕಾಯಿತು ಎಂದು ಬರೆದಿಡಿ. ಬಂಡೆಯೋ ಸಡಿಲವೋ ಎಂದು ಅದು ಒಂದಿಷ್ಟು ಹೇಳುತ್ತದೆ, ಆದರೆ ಚೆನ್ನಾಗಿ ಅದುಮಿದ ಒಣಮಣ್ಣೂ ಬೆಸೆದ ಮಂಜುಗಡ್ಡೆಯಂತೆ ನಟಿಸಬಲ್ಲದು. ಆದ್ದರಿಂದ ಕೊರೆದ ಮೇಲೆ ಡ್ರಿಲ್ಲಿನ ಮೊನೆಯನ್ನು ಹೊರಗೆ ಎಳೆಯಬೇಡಿ. ಅಲ್ಲೇ ಬಿಟ್ಟು ಯಂತ್ರ ನಿಲ್ಲಿಸಿ. ಟ್ರೈಡೆಂಟ್‌ನ ಮೊನೆಯಲ್ಲಿ ಉಷ್ಣತೆ ಅಳೆಯುವ ಸಂವೇದಕವಿದೆ. ಕೊರೆತದಿಂದ ಕಾದ ಮೊನೆ ಆರಲು ಎಷ್ಟು ಹೊತ್ತು ಹಿಡಿಯಿತು ಎಂದು ನೋಡುತ್ತಾ ಕೂರಬೇಕು. ಒಣಮಣ್ಣಿನಲ್ಲಿ, ಬಿಡಿ ಕಣಗಳ ಮಂಜುಗಡ್ಡೆಯಲ್ಲಿ ಮೊನೆ ಗಂಟೆಗಟ್ಟಲೆ ಬೆಚ್ಚಗಿರುತ್ತದೆ. ಶಾಖ ಹೋಗಲು ಮಣ್ಣಿನ ಕಣಗಳು ಮೊನೆಯಿಂದ ಮೊನೆಗೆ ತಾಗುವ ಸಣ್ಣ ದಾರಿಗಳಷ್ಟೇ ಇವೆ. ಕಣಗಳ ನಡುವೆ ಮಂಜುಗಡ್ಡೆ ಬೆಸೆದಿದ್ದರೆ ಶಾಖ ಹರಿದು ಹೋಗಿ ಬೇಗ ಆರುತ್ತದೆ. ರೋವರಿನ ದಿನಚರಿಯಲ್ಲಿ ಪ್ರತಿ ಹತ್ತು ಸೆಂಟಿಮೀಟರಿಗೆ ಅಷ್ಟು ಹೊತ್ತು ಸುಮ್ಮನೆ ನಿಲ್ಲಲು ಸಮಯ ಮೀಸಲಿಟ್ಟರೆ, ಕಬಿಯಸ್‌ನ ನಾಲ್ಕು ನಿಮಿಷಕ್ಕೆ ಸಿಗದೆ ಹೋದದ್ದು ಆ ಆರುವ ಗೆರೆಯ ಇಳಿಜಾರಿನಲ್ಲಿ ಕಾಣಸಿಗುತ್ತದೆ.